ಕೋರಮಂಡಲದ ಮನೆಯಲ್ಲಿ ಅಮ್ಮನಿಲ್ಲದ ವರ್ಷಗಳು

ನಾನು ಐರ್ಲೆಂಡಿನಲ್ಲಿ ರಗ್ಬಿ ಆಡುತ್ತಿದ್ದಷ್ಟು ಕಾಲವೂ ಪತ್ರಿಕೆಯವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಹೀಗೆ ಓಡುವುದನ್ನು ಎಲ್ಲಿ ಕಲಿತೆ? ಆ ಆಟದಲ್ಲಿ ನನ್ನ ಜಾಗ ವಿಂಗರ್‌ನದು. ಅಂದರೆ ಮೈದಾನದ ಅಂಚಿನ ಗೆರೆಗೆ ಅಂಟಿಕೊಂಡು ಕಾಯುತ್ತ ನಿಲ್ಲುವವನು; ಚೆಂಡು ಕೈಗೆ ಬಂದರೆ ಅದನ್ನು ಎದೆಗೆ ಅವಚಿಕೊಂಡು, ಹಿಡಿದು ಕೆಡವಲು ಬರುವವರಿಂದ ತಪ್ಪಿಸಿಕೊಳ್ಳುತ್ತ ಎದುರಿನ ತುದಿ ಮುಟ್ಟುವವನು. ಅದೇ ನನ್ನ ಕಸುಬಾಗಿತ್ತು, ಅದರಿಂದಲೇ ಅನ್ನ ತಿಂದೆ. ಪತ್ರಿಕೆಯವರಿಗೆ ‘ಇಲ್ಲಿನ ಶಾಲೆಯಲ್ಲಿ ಕಲಿತೆ’ ಎಂದು ಹೇಳಿ ಮುಗಿಸಿಬಿಡುತ್ತಿದ್ದೆ. ಅವರಿಗೂ ಅಷ್ಟು ಸಾಕಾಗುತ್ತಿತ್ತು. ಈಗ ಭುಜ ಕೆಟ್ಟು ಆಟ ನಿಂತಿದೆ. ಮೂವತ್ತು ದಾಟಿದ ವಿಂಗರ್ ಎಂದರೆ ಮುದುಕನೆಂದೇ ಲೆಕ್ಕ, ಮುದುಕರಿಗೆ ಪುರುಸೊತ್ತು ಜಾಸ್ತಿ. ಆ ಪ್ರಶ್ನೆಗೆ ನಿಜವಾದ ಉತ್ತರವನ್ನು ಕನ್ನಡದಲ್ಲೇ ಬರೆಯಬೇಕು ಅನ್ನಿಸಿ ಕೂತಿದ್ದೇನೆ, ಯಾಕೆಂದರೆ ಅದೆಲ್ಲ ನಡೆದದ್ದು ಕನ್ನಡದಲ್ಲಿ.

ನಮ್ಮ ಮನೆ ಕೆ.ಜಿ.ಎಫ್‌ನ ಕೋರಮಂಡಲದಲ್ಲಿ ಗಣಿ ಕೆಲಸದವರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಒಂದು. ನಾವು ಲೈನ್ ಮನೆ ಅನ್ನುತ್ತಿದ್ದೆವು. ಮುಂದೆ ಒಂದು ಕೋಣೆ, ಹಿಂದೆ ತಗ್ಗಿ ನಡೆಯಬೇಕಾದ ಅಡುಗೆಮನೆ, ಅದರಾಚೆ ಒಂದು ಬಾಗಿಲಿನಷ್ಟೇ ಅಗಲದ ಹಿತ್ತಲು. ಮೇಲೆ ತಗಡು. ಪಕ್ಕದ ಮನೆಗೂ ನಮಗೂ ಗೋಡೆ ಒಂದೇ ಆದ್ದರಿಂದ ಅವರು ಸಾಸಿವೆ ಸಿಡಿಸಿದರೆ ನಮಗೆ ಕೇಳುತ್ತಿತ್ತು, ನಮ್ಮ ಜಗಳ ಅವರಿಗೆ ಕೇಳುತ್ತಿತ್ತು. ಬಲಗಡೆಯವರು ತಮಿಳರು, ಎಡಗಡೆಯವರು ತೆಲುಗಿನವರು. ನಡುವೆ ನಾವು, ಕಾಮಸಮುದ್ರದ ಕಡೆಯ ಹಳ್ಳಿಯಿಂದ ಬಂದ ಕನ್ನಡದವರು. ಬೈಗುಳದ ವಿಷಯದಲ್ಲಿ ಮಾತ್ರ ಮೂರೂ ಭಾಷೆ ಎಲ್ಲರದ್ದೂ ಆಗಿತ್ತು. ಗಾಳಿ ಬೀಸಿದಾಗ ಸಯನೈಡ್ ಗುಡ್ಡದಿಂದ, ಅಂದರೆ ಗಣಿಯವರು ಚಿನ್ನ ತೆಗೆದುಕೊಂಡು ಸುರಿದ ಬೂದು ಮಣ್ಣಿನ ದಿಬ್ಬದಿಂದ, ನುಣ್ಣನೆಯ ಧೂಳು ಎದ್ದು ಬರುತ್ತಿತ್ತು. ಅಜ್ಜಿ ಸಾರಿನ ಪಾತ್ರೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಆದರೂ ಮುದ್ದೆಯ ಮೊದಲ ತುತ್ತಿನಲ್ಲಿ ಹಲ್ಲಿಗೆ ಕರಕರ ಅನ್ನುತ್ತಿತ್ತು.

ಅಜ್ಜಿ ಅಪ್ಪನ ತಾಯಿ, ಮುನಿಯಮ್ಮ. ತಾತ ಗಣಿಯೊಳಗೆ ದುಡಿದು ಎದೆ ಕೆಟ್ಟು ನಾನು ಹುಟ್ಟುವ ಮೊದಲೇ ಹೋಗಿದ್ದ. ಆಮೇಲೆ ಅಪ್ಪ ಗಣಿಗಿಳಿದ. ಅಜ್ಜಿಯ ಒಲೆ ನಡೆಯುತ್ತಿದ್ದದ್ದು ಗಣಿಯ ಸಂಗಿನ ಮೇಲೆ. ಪಾಳಿ ಬದಲಾಗುವಾಗ ಕೂಗುತ್ತಿದ್ದ ಸೈರನ್ನಿಗೆ ನಮ್ಮ ಕಡೆ ಸಂಗು ಅಂತಲೇ ಹೆಸರು. ಸಂಗು ಊದುವ ಮೊದಲು ಎಸರು ಕುದಿಯಬೇಕು, ಊದುವಾಗ ಮುದ್ದೆ ಕಟ್ಟಿರಬೇಕು, ಅಪ್ಪ ಬಾಗಿಲಿಗೆ ಬರುವಷ್ಟರಲ್ಲಿ ತಟ್ಟೆ ನೆಲದ ಮೇಲಿರಬೇಕು. ಗಣಿ ಮುಚ್ಚಿದ ಮೇಲೆ ಸಂಗು ನಿಂತಿತು. ಅಜ್ಜಿಗೆ ಹೊತ್ತೇ ತಿಳಿಯದಾಯಿತು. ಒಮ್ಮೆ ಮಟಮಟ ಮಧ್ಯಾಹ್ನ ಸಂಜೆಯ ಅಡುಗೆ ಮಾಡಿಟ್ಟು ಹೊಸ್ತಿಲ ಮೇಲೆ ಕೂತಿದ್ದಳು. ಶಾಲೆಯಿಂದ ಬಂದ ನನ್ನನ್ನು ಕೇಳಿದಳು:

“ಸಂಗು ಊದ್ತೇನ್ಲಾ ಮಂಜಾ?”

“ಇನ್ಮೇಲೆ ಊದಲ್ಲ ಅಜ್ಜಿ.”

“ಅಂಗಾರೆ ನಿಮ್ಮಪ್ಪ ಯಾವಾಗ್ಲಾ ಬರೋದು?”

ಅಪ್ಪ ಒಳಗೇ ಮಲಗಿದ್ದ. ಕೆಲಸವಿಲ್ಲದ ಗಂಡಸು ಹಗಲು ಹೊತ್ತಿನಲ್ಲಿ ಮನೆಯೊಳಗೆ ಇರುವುದು ಅಜ್ಜಿಯ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ ಅಂತ ಕಾಣುತ್ತದೆ.

ಅಮ್ಮ ಬಂಗಾರಪೇಟೆಯವಳು, ಶಾರದ. ನರ್ಸಿಂಗ್ ಓದಿದ್ದಳು. ಗಣಿ ಇದ್ದಾಗಲೂ ದಿನಾ ಚಿಕ್ಕ ರೈಲಿನಲ್ಲಿ ಬಂಗಾರಪೇಟೆಗೆ ಹೋಗಿ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡಿ ಬರುತ್ತಿದ್ದಳು. ಗಣಿ ಮುಚ್ಚಿದ ವರ್ಷ ಐರ್ಲೆಂಡಿನ ಆಸ್ಪತ್ರೆಗಳಿಗೆ ನರ್ಸುಗಳು ಬೇಕಾಗಿದ್ದಾರೆ ಎಂಬ ಸುದ್ದಿ ಅವಳ ಜೊತೆಯವರ ಬಾಯಲ್ಲಿ ಓಡಾಡುತ್ತಿತ್ತು. ಅವಳು ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಒಲೆಯ ಮುಂದೆ ಪಿಸುಗುಟ್ಟುತ್ತ ಓದುತ್ತಿದ್ದದ್ದು ನನಗೆ ನೆನಪಿದೆ. ಯಾಕೆ ಓದುತ್ತಾಳೆ ಎಂದು ನಾನು ಕೇಳಲಿಲ್ಲ, ಅಜ್ಜಿಯೂ ಕೇಳಲಿಲ್ಲ. ವಿಷಯ ಹೊರಬಿದ್ದದ್ದು ಒಂದು ಭಾನುವಾರ, ಎಲ್ಲರೂ ಉಣ್ಣಲು ಕೂತಾಗ. ಅಜ್ಜಿ ಹುರುಳಿಕಾಳಿನ ಸಾರು ಬಡಿಸುತ್ತಿದ್ದಳು. ಅಮ್ಮ ತಲೆ ತಗ್ಗಿಸಿಕೊಂಡು, ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿದೆ ಅಂದಳು. ಅಜ್ಜಿಯ ಸೌಟು ಪಾತ್ರೆಯೊಳಗೇ ನಿಂತಿತು.

“ಅದು ಎಲ್ಲಾಯ್ತದೆ?”

“ದೂರ ಅತ್ತೆ. ವಿಮಾನದಲ್ಲಿ ಹೋಗ್ಬೇಕು.”

“ಗಂಡ್ಸು ಮನೇಲಿ ಕುಂತ್ಕಂಡು ಎಂಗ್ಸು ಪರದೇಸಕ್ಕೆ ಓಗೋದಾ? ಎಲ್ಲಾನಾ ಉಂಟಾ?”

ಅಪ್ಪ ತಟ್ಟೆಯಿಂದ ಕಣ್ಣು ತೆಗೆಯದೆ ಹೇಳಿದ:

“ನಾನೇ ಓಗು ಅಂದಿದ್ದಮ್ಮ.”

“ಮಗೀನ ಯಾರ್ಲಾ ನೋಡ್ಕೊಳ್ಳೋದು?”

“ನೀನಿದ್ದೀಯಲ್ಲ.”

ಅಜ್ಜಿ ಸೌಟು ಕೆಳಗಿಟ್ಟು ಹಿತ್ತಲಿಗೆ ಹೋಗಿ ಮೊರ ಹಿಡಿದು ರಾಗಿ ಕೇರಲು ಕೂತಳು. ಕೇರುವ ರಾಗಿ ಆ ಹೊತ್ತಿನಲ್ಲಿ ಇರಲೇ ಇಲ್ಲ, ಕೇರಿ ಇಟ್ಟಿದ್ದನ್ನೇ ಮತ್ತೆ ಕೇರಿದಳು. ಅವತ್ತಿನಿಂದ ಅವಳ ಬಾಯಲ್ಲಿ ಸೊಸೆಯ ಹೆಸರು ಬರಲಿಲ್ಲ. ‘ಅವಳು’ ಅನ್ನುತ್ತಿದ್ದಳು. ಅಮ್ಮ ಹೊರಟ ದಿನ ಅಜ್ಜಿ ಬಾಗಿಲಿಗೂ ಬರಲಿಲ್ಲ. ಅಮ್ಮ ಒಳಗೆ ಹೋಗಿ ಕಾಲು ಮುಟ್ಟಿದಾಗ ಅಜ್ಜಿ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ, ಕೈಯನ್ನೂ ಎತ್ತಲಿಲ್ಲ. ನಾನು ಎರಡನೆಯ ತರಗತಿಯನ್ನು ಆಗಷ್ಟೇ ಮುಗಿಸಿದ್ದೆ.

ಆಮೇಲೆ ಅಪ್ಪನಿಗೆ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕಾವಲು ಕೆಲಸ ಸಿಕ್ಕಿತು. ಕೆ.ಜಿ.ಎಫ್‌ನ ಎಷ್ಟೋ ಮನೆಗಳ ಗಂಡಸರ ಹಾಗೆ ಅವನೂ ಬೆಳಗಿನ ಮೊದಲ ರೈಲಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಅವನು ಎದ್ದು ಹೋಗುವಾಗ ನಾನು ಮಲಗಿರುತ್ತಿದ್ದೆ, ಬರುವಾಗಲೂ ಮಲಗಿರುತ್ತಿದ್ದೆ. ಭಾನುವಾರ ಮಾತ್ರ ಅವನ ಮುಖ ನೋಡುತ್ತಿದ್ದೆ. ಅಮ್ಮ ಫೋನ್ ಮಾಡುತ್ತಿದ್ದದ್ದೂ ಭಾನುವಾರ. ಫೋನು ಇದ್ದದ್ದು ಲೈನಿನ ತುದಿಯಲ್ಲಿದ್ದ ದೊರೈ ಎಂಬುವನ ಅಂಗಡಿಯಲ್ಲಿ. ಅಮ್ಮ ಒಮ್ಮೆ ಮಾಡಿ ನಮ್ಮನ್ನು ಕರೆಸಲು ಹೇಳಿ ಇಡುವಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡುವಳು. ಅಷ್ಟರೊಳಗೆ ನಾವು ಅಲ್ಲಿರಬೇಕು. ನಾನು ಬೆಳಗಿನ ತಿಂಡಿ ಮುಗಿಸಿದವನೇ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದೆ. ದೊರೈ ತಮಿಳಿಗೆ ಕನ್ನಡ ಸೇರಿಸಿ ಕೂಗುತ್ತಿದ್ದ:

“ಡೇಯ್ ಮಂಜಾ, ಅಮ್ಮಾ ಪೇಸುದು! ಓಡು, ಅಪ್ಪನ್ನ ಕರ್ಕೊಂಡ್ ಬಾ!”

ಲೈನುಗಳ ನಡುವಿನ ಓಣಿಯಲ್ಲಿ ಆ ಹೊತ್ತಿಗೆ ಕೊಳಾಯಿಗೆ ಬಂದ ಹೆಂಗಸರು, ತುಂಬಿದ ಬಿಂದಿಗೆಗಳು, ಹಗ್ಗದ ಮೇಲೆ ಒಣಗುವ ಬಟ್ಟೆ, ಕೋಳಿ, ತೆವಳುವ ಮಕ್ಕಳು. ಅದರ ನಡುವೆ ಯಾರಿಗೂ ತಾಗದೆ ಮನೆಗೆ ಓಡಿ, ಅಪ್ಪನ ಕೈ ಹಿಡಿದೆಳೆದುಕೊಂಡು ವಾಪಸು ಬರುತ್ತಿದ್ದೆ. ಅಪ್ಪ ನಡೆದೇ ಬರುತ್ತಿದ್ದ. ಅಜ್ಜಿಯನ್ನೂ ಕರೆಯುತ್ತಿದ್ದೆ. “ನನ್ಗೆ ಅದ್ರಾಗೆ ಮಾತಾಡಕ್ಕೆ ಬರಲ್ಲ ಓಗು” ಅನ್ನುತ್ತಿದ್ದಳು. ಫೋನಿನಲ್ಲಿ ಅಮ್ಮನ ದನಿ ತಡವಾಗಿ ಬರುತ್ತಿತ್ತು. ಅವಳು ಏನಾದರೂ ಕೇಳಿ ಮುಗಿಸುವ ಮೊದಲೇ ನಾನು ಬಾಯಿ ಹಾಕಿದರೆ ಇಬ್ಬರ ಮಾತೂ ಒಂದಕ್ಕೊಂದು ಡಿಕ್ಕಿ ಹೊಡೆದು ಯಾವುದೂ ತಿಳಿಯುತ್ತಿರಲಿಲ್ಲ. ಹಾಗಾಗಿ ಸುಮ್ಮನೆ ಕಾಯುವುದನ್ನು ಕಲಿತೆ. ಏನು ಉಂಡೆ, ಶಾಲೆಗೆ ಹೋದೆಯಾ, ಕೆಮ್ಮು ಇದೆಯಾ. ಉತ್ತರ ಹೇಳಿ ಮತ್ತೆ ಕಾಯುತ್ತಿದ್ದೆ. ಆಮೇಲೆ ಅಪ್ಪ ಫೋನು ತೆಗೆದುಕೊಂಡು ‘ಊಂ’ ಅನ್ನುತ್ತಿದ್ದ, ‘ಆಯ್ತು’ ಅನ್ನುತ್ತಿದ್ದ. ಒಂದು ಸಲ ಮಾತ್ರ “ಅಲ್ಲಿ ಚಳಿಯಂತೆ, ಬೆಚ್ಚಗಿರು” ಅಂದದ್ದು ಕೇಳಿಸಿತು. ಹೇಳಿದ ಮೇಲೆ ದೊರೈ ಕೇಳಿಸಿಕೊಂಡನೇನೋ ಎಂದು ಅಪ್ಪ ಅತ್ತ ತಿರುಗಿ ನೋಡಿದ.

ಹೀಗೆ ಮೂರು ವರ್ಷ. ಆಮೇಲೆ ಅಮ್ಮ ರಜೆಯ ಮೇಲೆ ಬಂದಳು. ಬಾಗಿಲಲ್ಲಿ ನಿಂತ ಹೆಂಗಸು ತೆಳ್ಳಗಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು, ಕಾಲಿಗೆ ಬೂಟು ಹಾಕಿದ್ದಳು. ಅವಳ ಮೈಯಿಂದ ನನಗೆ ಗೊತ್ತಿಲ್ಲದ ಸೋಪಿನ ವಾಸನೆ ಬರುತ್ತಿತ್ತು. ಫೋನಿನ ದನಿ ಇಷ್ಟು ಹತ್ತಿರದಿಂದ, ತಡವೇ ಇಲ್ಲದೆ ಬಂದದ್ದು ನನಗೆ ಗಾಬರಿ ಹುಟ್ಟಿಸಿತು. ಅಜ್ಜಿಯ ಸೆರಗಿನ ಹಿಂದೆ ಹೋಗಿ ನಿಂತೆ. ರಾತ್ರಿ ಅಮ್ಮ ತನ್ನ ಪಕ್ಕದಲ್ಲಿ ಚಾಪೆ ಹಾಸಿದರೆ ನಾನು ನನ್ನ ಚಾಪೆಯನ್ನು ಅಜ್ಜಿಯ ಕಡೆಗೆಳೆದುಕೊಂಡೆ. ಬೇಕಾದದ್ದನ್ನು ಅಪ್ಪನಿಗೆ ಹೇಳುತ್ತಿದ್ದೆ, ಅಜ್ಜಿಗೆ ಹೇಳುತ್ತಿದ್ದೆ. ಅವಳನ್ನು ಮಾತ್ರ ಏನೆಂದೂ ಕರೆಯುತ್ತಿರಲಿಲ್ಲ. ಅಮ್ಮ ಅದಕ್ಕೆ ಬೇಜಾರು ತೋರಿಸಲಿಲ್ಲ. ಗಾಯದ ಕಟ್ಟು ಬಿಚ್ಚುವವರ ಹಾಗೆ, ಅವಸರವಿಲ್ಲದೆ ನನ್ನ ಸುತ್ತ ಓಡಾಡುತ್ತಿದ್ದಳು.

ಅವಳು ನನಗೆಂದು ಒಂದು ಚೆಂಡು ತಂದಿದ್ದಳು. ಅವಳ ವಾರ್ಡಿನಲ್ಲಿದ್ದ ಒಬ್ಬ ಮುದುಕ, ಹಳೆಯ ಆಟಗಾರ, ನಿನ್ನ ಮಗನಿಗೆ ಕೊಡು ಎಂದು ಕೊಟ್ಟದ್ದಂತೆ. ಗುಂಡಗಿರಲಿಲ್ಲ, ಎರಡೂ ತುದಿ ಚೂಪಾಗಿತ್ತು. ಅಜ್ಜಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ “ಇದೇನ್ಲಾ ಇದು, ಪರಂಗಿ ಕಾಯಿ ಇದ್ದಂಗದೆ” ಅಂದಳು. ಮರುದಿನ ಭಾನುವಾರ. ಕೋರಮಂಡಲದ ಸ್ಟೇಷನ್ನಿನ ಹಿಂದಿನ ಜಲ್ಲಿ ನೆಲದಲ್ಲಿ ನಾನೂ ಲೈನಿನ ಹುಡುಗರೂ ಅದನ್ನು ಒದ್ದರೆ ಅದು ನೆಲಕ್ಕೆ ಬಿದ್ದು ಎತ್ತ ನೆಗೆಯುತ್ತದೆ ಎಂದು ಯಾರಿಗೂ ತಿಳಿಯದೆ ನಕ್ಕೂ ನಕ್ಕೂ ಸಾಕಾದೆವು. ಅಪ್ಪ ಅಮ್ಮ ಇಬ್ಬರೂ ಬಂದು ನಿಂತಿದ್ದರು.

“ಇದ್ನ ಎಂಗಾಡೋದು?” ಅಪ್ಪ ಕೇಳಿದ.

“ಎತ್ಕೊಂಡು ಓಡೋದಂತೆ,” ಅಂದಳು ಅಮ್ಮ. “ಬೇರೆಯವ್ರು ಹಿಡ್ಕೊಂಡು ಬೀಳಿಸ್ತಾರಂತೆ. ತಪ್ಪಿಸ್ಕೊಂಡು ಆ ಕಡೆ ಗೆರೆ ಮುಟ್ಟಿದ್ರೆ ಗೆದ್ದಂಗೆ.”

“ಅಂಗಾರೆ ಕಬಡ್ಡಿನೇ ಬುಡು.”

ಅಪ್ಪ ಗಣಿಯ ಕಾಲದಲ್ಲಿ ಒಳ್ಳೆಯ ಕಬಡ್ಡಿ ಆಟಗಾರ ಎಂದು ಲೈನಿನವರೆಲ್ಲ ಹೇಳುತ್ತಿದ್ದರು. ನಾನು ನೋಡಿರಲಿಲ್ಲ. ಅವತ್ತು ಅವನು ಅಂಗಿ ಬಿಚ್ಚಿ ಅಮ್ಮನ ಕೈಗೆ ಕೊಟ್ಟು, ಪಂಚೆ ಮೇಲೆತ್ತಿ ಕಟ್ಟಿ, ನಮ್ಮನ್ನೆಲ್ಲ ಸಾಲಾಗಿ ಎದುರಿಗೆ ನಿಲ್ಲಿಸಿದ. ಹಿಡಿಯಿರಿ ಅಂದ. ಎಲ್ಲರೂ ಮುತ್ತಿಕೊಂಡೆವು. ನನ್ನ ಕೈಗೆ ಸಿಕ್ಕೇ ಸಿಕ್ಕಿದ ಎನ್ನುವಾಗ ಅಪ್ಪ ಅಲ್ಲಿರಲಿಲ್ಲ. ನಾನು ಜಲ್ಲಿಯ ಮೇಲೆ ಮಗುಚಿ ಮೊಣಕಾಲು ತರಚಿಕೊಂಡಿದ್ದೆ. ಅಪ್ಪ ನನ್ನನ್ನು ಎಬ್ಬಿಸಿ ಹೇಳಿದ:

“ಕಾಲ್ ನೋಡ್ಬೇಡ ಕಣ್ಲಾ. ಕಾಲ್ ಸುಳ್ಳೇಳ್ತದೆ. ಸೊಂಟ ನೋಡು. ಸೊಂಟ ಎಂಗೆ ತಿರುಗ್ತದೋ ಆಳು ಅಂಗೇ ಓಗೋದು.”

ಅಮ್ಮ ಅಂಗಿಯನ್ನು ಎದೆಗೆ ಹಿಡಿದುಕೊಂಡು ನಗುತ್ತಿದ್ದಳು. ಅವರಿಬ್ಬರೂ ಒಬ್ಬರ ಮುಖ ಇನ್ನೊಬ್ಬರು ನೋಡಿ ನಗುವುದನ್ನು ನಾನು ಕಂಡದ್ದು ಅವತ್ತೇ ಮೊದಲು. ಮಧ್ಯಾಹ್ನದ ಹೊತ್ತಿಗೆ ಆ ನಗು ಮುಗಿಯಿತು. ಅಮ್ಮ ಬಂದದ್ದು ನನ್ನನ್ನು ಮತ್ತು ಅಪ್ಪನನ್ನು ಕರೆದುಕೊಂಡು ಹೋಗುವುದಕ್ಕೆ. ಅಡುಗೆಮನೆಯಲ್ಲಿ ಅಜ್ಜಿಯ ಮುಂದೆ ಅದನ್ನು ಹೇಳಿದಳು. ನಾನು ಮುಂದಿನ ಕೋಣೆಯಲ್ಲಿ ಮೊಣಕಾಲಿಗೆ ಅರಿಶಿನ ಹಚ್ಚಿಕೊಂಡು ಕೂತಿದ್ದೆ.

“ನೀನು ಓದೋಳು ಓಗೇ ಬುಟ್ಟೆ,” ಅಜ್ಜಿ ಅನ್ನುತ್ತಿದ್ದಳು. “ಮಗೀಗೆ ಜ್ವರ ಬಂದಾಗ ತಲೆಗೆ ಬಟ್ಟೆ ಆಕಿದ್ದು ನಾನು. ಈಗ ಬಂದು ಕೊಡು ಅಂದ್ರೆ?”

“ನನ್ ಮಗ ನನ್ನ ಅಮ್ಮ ಅಂತಲೂ ಕರೀತಾ ಇಲ್ಲ ಅತ್ತೆ. ಇನ್ನೂ ಬಿಟ್ರೆ ನಾನ್ಯಾರು ಅಂತಾನೇ ಕೇಳ್ತಾನೆ.”

“ಅದ್ನ ಓಗುವಾಗ ಯೋಚ್ನೆ ಮಾಡ್ಬೇಕಿತ್ತು.”

“ಯೋಚ್ನೆ ಮಾಡ್ದೆ ಹೋದೆ ಅನ್ಕೊಂಡಿದ್ದೀರಾ?”

ಅಮ್ಮನ ದನಿ ಮೊದಲ ಸಲ ಮೇಲೇರಿತು. ಪಕ್ಕದ ಮನೆಯ ಪಾತ್ರೆ ಸದ್ದು ಥಟ್ಟನೆ ನಿಂತದ್ದು ನನಗೆ ಕೇಳಿಸಿತು. ಅಪ್ಪ ಹೊಸ್ತಿಲ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. ಅಮ್ಮ ಅವನನ್ನು ಕೇಳಿದಳು, ನೀವಾದರೂ ಹೇಳಿ. ‘ನಮ್ಮಮ್ಮನ್ನ ಒಬ್ಬಳನ್ನೇ ಬಿಟ್ಟು ನಾನು ಬರಲ್ಲ’ ಅಂದ ಅಪ್ಪ. ಮಗನ ವಿಷಯ ಹೇಳಲಿಲ್ಲ. ಅವಳು ಉಳಿದ ರಜೆಯನ್ನು ಆ ಮನೆಯಲ್ಲೇ ಕಳೆದಳು. ಅಜ್ಜಿ ಒಲೆಯ ಮುಂದಿನ ಜಾಗ ಬಿಟ್ಟುಕೊಡಲಿಲ್ಲ, ಅಮ್ಮ ಕೇಳಲೂ ಇಲ್ಲ. ಅಮ್ಮ ಪಾತ್ರೆ ತೊಳೆದಳು, ತಾತನ ಫೋಟೋ ಒರೆಸಿದಳು, ಅಜ್ಜಿಯ ಒಡೆದ ಹಿಮ್ಮಡಿಗೆ ದಿನಾ ಮುಲಾಮು ಹಚ್ಚಿದಳು. ಅಜ್ಜಿ ಕಾಲು ಚಾಚಿ ಕೂತು ಬೇರೆ ಕಡೆ ನೋಡುತ್ತಿದ್ದಳು.

ಅಮ್ಮ ಬಂಗಾರಪೇಟೆಯಿಂದ ಮದ್ರಾಸಿನ ರೈಲು ಹಿಡಿದು ಅಲ್ಲಿಂದ ವಿಮಾನಕ್ಕೆ ಹೋಗಬೇಕಿತ್ತು. ಹೊರಡುವಾಗ ಅಜ್ಜಿ ಒಂದು ಬಟ್ಟೆ ಗಂಟನ್ನು ತಂದು ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು. ಹುರಿಹಿಟ್ಟು. ರಾಗಿಯನ್ನು ಅರಳಿಸಿ ಬೀಸಿದ್ದು. ಎಷ್ಟು ದಿನದಿಂದ ಮಾಡಿದ್ದಳೋ, ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಅದನ್ನು ಎತ್ತಿಕೊಂಡ. ಬಂಗಾರಪೇಟೆಯಲ್ಲಿ ರೈಲಿಗೆ ಇನ್ನೂ ಹೊತ್ತಿತ್ತು. ಅಮ್ಮ ನನ್ನನ್ನು ಸ್ಟೇಷನ್ನಿನ ಹೊರಗೆ ಪಾನಿಪುರಿ ಗಾಡಿಗೆ ಕರೆದುಕೊಂಡು ಹೋದಳು. ಆ ಊರಿನ ಪಾನಿಪುರಿಯ ನೀರಿಗೆ ಬಣ್ಣವೇ ಇರುವುದಿಲ್ಲ, ಬರೀ ನೀರಿನ ಹಾಗೆ ಕಾಣುತ್ತದೆ. ಅದನ್ನು ನಂಬಿ ನಾನು ಒಂದೇ ಸಲಕ್ಕೆ ನುಂಗಿದೆ. ಗಂಟಲು ಹೊತ್ತಿಕೊಂಡಿತು.

“ಅಮ್ಮಾ, ನೀರು!”

ಕಣ್ಣಲ್ಲಿ ನೀರು ತುಂಬಿದ್ದರಿಂದ ಅವಳ ಮುಖ ನನಗೆ ಸರಿಯಾಗಿ ಕಾಣಲಿಲ್ಲ. ಅವಳು ಓಡಿಹೋಗಿ ಪಕ್ಕದ ಹೋಟೆಲಿನಿಂದ ಲೋಟ ತಂದು ನನ್ನ ಬಾಯಿಗೆ ಹಿಡಿದಳು. ಕುಡಿದು ಮುಗಿದರೂ ಲೋಟ ತೆಗೆಯಲಿಲ್ಲ. ಗಾಡಿಯವನು “ಇನ್ನೊಂದು ಪ್ಲೇಟಾ ಮೇಡಂ?” ಎಂದು ಕೇಳಿದ ಮೇಲೆ ಲೋಟ ಇಳಿಸಿ ಚೀಲದಿಂದ ದುಡ್ಡು ತೆಗೆದಳು.

ರೈಲು ಬಂದು ಅವಸರ ಅವಸರವಾಗಿ ಅವಳನ್ನು ಹತ್ತಿಸಿದೆವು. ರೈಲು ಹೊರಟಿತು. ಕಿಟಕಿಯಲ್ಲಿದ್ದ ಅವಳ ಕೈ ಒಂದಷ್ಟು ದೂರ ಹೋದ ಮೇಲೆ ಅಪ್ಪ ಪಕ್ಕದ ಬೆಂಚಿನ ಕಡೆ ನೋಡಿದ. ಹುರಿಹಿಟ್ಟಿನ ಗಂಟು ಅಲ್ಲೇ ಇತ್ತು. ಅವನು ಗಂಟನ್ನು ಎಡಗೈಯಲ್ಲಿ ಎದೆಗೊತ್ತಿಕೊಂಡು ಓಡತೊಡಗಿದ. ಸ್ಟೇಷನ್ನಿನ ತುಂಬ ಜನ. ತಲೆಯ ಮೇಲೆ ಪೆಟ್ಟಿಗೆ ಹೊತ್ತ ಕೂಲಿಗಳು, ಟೀ ಡ್ರಮ್ಮಿನವರು, ನೆಲದ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತ ಸಂಸಾರಗಳು. ಅಪ್ಪ ಯಾರಿಗೂ ತಾಗಲಿಲ್ಲ. ಒಬ್ಬ ಕೂಲಿಯ ಎದುರು ಬಲಕ್ಕೆ ಹೋದವನ ಹಾಗೆ ಕಂಡು ಎಡಕ್ಕೆ ಹೋದ. ಟೀಯವನ ಪಕ್ಕದಲ್ಲಿ ಮೈ ಓರೆ ಮಾಡಿ ಜಾರಿದ. ರೈಲಿನ ವೇಗ ಹೆಚ್ಚುತ್ತಿತ್ತು, ಅವನ ವೇಗವೂ ಹೆಚ್ಚಿತು. ಪ್ಲಾಟ್‌ಫಾರ್ಮ್ ಮುಗಿಯುವ ಇಳಿಜಾರಿನ ಹತ್ತಿರ ಅವನ ಕೈ ಕಿಟಕಿಗೆ ಚಾಚಿದ್ದು, ಗಂಟು ಒಳಗೆ ಹೋದದ್ದು ನಾನಿದ್ದಲ್ಲಿಗೂ ಕಾಣಿಸಿತು. ಪ್ರಪಂಚದ ದೊಡ್ಡ ದೊಡ್ಡ ವಿಂಗರ್‌ಗಳನ್ನು ಎದುರಿಗೆ ನಿಂತು ನೋಡಿದ್ದೇನೆ. ಓಡುವುದು ಎಂದರೆ ಏನೆಂದು ನನಗೆ ತಿಳಿದದ್ದು ಆ ದಿನ ಬಂಗಾರಪೇಟೆಯ ಸ್ಟೇಷನ್ನಿನಲ್ಲಿ.

ಅಪ್ಪ ಕೆಮ್ಮುತ್ತ ವಾಪಸು ಬಂದು ಬೆಂಚಿನ ಮೇಲೆ ಕೂತ. ಉಸಿರು ತಹಬಂದಿಗೆ ಬರಲು ತುಂಬ ಹೊತ್ತು ಹಿಡಿಯಿತು. ಗಣಿಯ ಧೂಳು ಅವನ ಎದೆಯಲ್ಲೂ ಇತ್ತು. ಆಮೇಲೆ ನನ್ನ ಕಡೆ ನೋಡದೆ ಹೇಳಿದ:

“ಮುಂದಿನ್ಸಲ ಅಮ್ಮ ಬಂದ್ರೆ ನೀನು ಓಗ್ಬೇಕು ಕಣ್ಲಾ.”

“ನೀನು?”

“ಅಜ್ಜಿ ಇರೋಗಂಟ ನಾನು ಇಲ್ಲೇ.”

“ಅಜ್ಜಿ ಬಿಡಲ್ಲ.”

“ಅಜ್ಜೀಗೆ ನಾನೇಳ್ತೀನಿ.”

ಹೇಳಿದ. ಅಜ್ಜಿ ಕೆಲವು ದಿನ ಅವನ ಜೊತೆ ಮಾತು ಬಿಟ್ಟಳು, ಆಮೇಲೆ ನನ್ನ ಜೊತೆ ಬಿಟ್ಟಳು. ಬಡಿಸುವಾಗ ತಟ್ಟೆ ನೆಲಕ್ಕೆ ಕುಕ್ಕುತ್ತಿದ್ದಳು. ವರ್ಷ ಕಳೆದು, ಅಮ್ಮ ಬರುವ ದಿನ ಹತ್ತಿರವಾದಾಗ, ಒಂದು ಮಧ್ಯಾಹ್ನ ನನ್ನನ್ನು ಅಡುಗೆಮನೆಗೆ ಕರೆದಳು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ರಾಗಿ ಹಿಟ್ಟಿನ ಡಬ್ಬಿಯನ್ನು ನನ್ನ ಮುಂದಕ್ಕೆ ನೂಕಿ, ಮುದ್ದೆ ಕೋಲನ್ನು ಕೈಗೆ ಕೊಟ್ಟಳು. ಆ ಮನೆಯಲ್ಲಿ ಗಂಡಸರು ಒಲೆಯ ಮುಂದೆ ಕೂತದ್ದೇ ಇಲ್ಲ.

“ಸುರಿ. ಎಲ್ಲಾ ಒಂದೇ ಕಡೆ ಸುರಿ. ಈಗ್ಲೇ ತಿರುವ್ಬೇಡ, ಬೇಯ್ಲಿ ಬುಡು.”

ಕಾದೆವು. ಹಿಟ್ಟಿನ ಗುಡ್ಡದ ನಡುವಿನಿಂದ ಬುಳುಬುಳು ಎಂದು ಎಸರು ಉಕ್ಕಿತು. ಪಾತ್ರೆಯನ್ನು ಕೆಳಗಿಳಿಸಿ ಎರಡೂ ಪಾದದಿಂದ ಒತ್ತಿ ಹಿಡಿದು ತಿರುವುವುದನ್ನು ತೋರಿಸಿದಳು. ನನ್ನ ತೋಳಿನಲ್ಲಿ ಬಲ ಸಾಲದೆ ಕೋಲು ಅಲ್ಲೇ ಸಿಕ್ಕಿಕೊಂಡಾಗ ನನ್ನ ಕೈಯ ಮೇಲೆ ತನ್ನ ಕೈಯಿಟ್ಟು ತಿರುವಿದಳು. ಕಟ್ಟುವಾಗ ಅಂಗೈ ಸುಟ್ಟು ನಾನು ಕೈ ಕೊಡವಿದೆ.

“ಕೈ ತಣ್ಣೀರಿಗೆ ಅದ್ಕೋ. ಸುಡ್ತದೆ, ಬುಡ್ಬಾರ್ದು.” ಸ್ವಲ್ಪ ಹೊತ್ತಿನ ಮೇಲೆ, ತಟ್ಟೆಯಲ್ಲಿದ್ದ ನನ್ನ ಸೊಟ್ಟ ಮುದ್ದೆಯನ್ನು ನೋಡುತ್ತ ಹೇಳಿದಳು: “ಅಲ್ಲಿ ನಿಮ್ಮಮ್ಮ ಸಾರದಂಗೂ ಒಂದು ಕಟ್ಕೊಡು. ಅವಳು ಬಿಸೀದೇ ಉಣ್ಣೋದು. ಆರೋದ್ರೆ ಮುಟ್ಟಲ್ಲ.”

ಹೊರಡುವ ದಿನ ಅಜ್ಜಿ ಬಾಗಿಲಿಗೆ ಬಂದು ನಿಂತಳು. ಅಮ್ಮ ಕಾಲಿಗೆ ಬಿದ್ದಾಗ ಅವಳ ತಲೆಯ ಮೇಲೆ ಕೈಯಿಟ್ಟಳು. ನನ್ನನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ನಾನು ಹೋಗುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಐರ್ಲೆಂಡಿನಲ್ಲಿ ಅಮ್ಮನದು ಒಂದು ಕೋಣೆಯ ಮನೆ. ಸಂಜೆ ಅವಳು ಆಸ್ಪತ್ರೆಯಿಂದ ಬರುವ ಹೊತ್ತಿಗೆ ನಾನು ಮುದ್ದೆ ಕಟ್ಟಿಡುತ್ತಿದ್ದೆ. ಮೊದಲ ದಿನದ್ದು ಗಂಟುಗಂಟಾಗಿತ್ತು. ಅವಳು ಕೋಟು ಬಿಚ್ಚದೆ ನಿಂತೇ ಉಂಡಳು. ಶಾಲೆಯಲ್ಲಿ ಅಲ್ಲಿನ ಮಾತು ಬಾರದ ಹೊಸ ಹುಡುಗನನ್ನು ಯಾವ ಆಟಕ್ಕೂ ಹಾಕದೆ ಇರಲಾಗದೆ ರಗ್ಬಿಗೆ ಹಾಕಿದರು. ಚೆಂಡು ಅಪರೂಪಕ್ಕೆ ಬರುವ ಜಾಗವೆಂದು ವಿಂಗ್‌ನಲ್ಲಿ ನಿಲ್ಲಿಸಿದರು. ಮಳೆಯಲ್ಲಿ, ಬೆರಳು ಮರಗಟ್ಟಿಸುವ ಚಳಿಯಲ್ಲಿ ಗೆರೆಯ ಪಕ್ಕ ಕಾಯುತ್ತ ನಿಂತದ್ದು ನನಗೆ ಕಷ್ಟವೆನಿಸಲಿಲ್ಲ. ಕಾಯುವುದರಲ್ಲಿ ನನಗೆ ಆಗಲೇ ಪಳಗಿದ ಕೈ. ಎಷ್ಟೋ ವಾರದ ಮೇಲೆ ಚೆಂಡು ಬಂತು. ಎದುರಿಗೆ ನನಗಿಂತ ಎರಡು ಪಾಲು ದೊಡ್ಡ ಹುಡುಗ. ಅವನ ಸೊಂಟ ನೋಡಿದೆ. ಆಮೇಲೆ ನೆನಪಿರುವುದು ಎದುರಿನ ಗೆರೆಯ ಆಚೆ ಕೆಸರಿನಲ್ಲಿ ಬಿದ್ದದ್ದು, ಯಾರು ಯಾರೋ ನನ್ನ ಮೇಲೆ ಬಿದ್ದು ನನ್ನ ಹೆಸರನ್ನು ತಪ್ಪಾಗಿ ಕೂಗಿದ್ದು.

ಅಲ್ಲಿಂದ ಪ್ರಾಂತ್ಯದ ತಂಡ, ಒಪ್ಪಂದ, ವಿಂಗರ್‌ಗೆಂದೇ ಇರುವ ಹದಿನಾಲ್ಕನೆಯ ನಂಬರಿನ ಅಂಗಿ. ಹೊರಗಿನವರಿಗೆ ಕಾಣುವುದು ಶನಿವಾರದ ಓಟ. ಉಳಿದ ದಿನಗಳು ಮಂಜುಗಡ್ಡೆಯ ತೊಟ್ಟಿಯಲ್ಲಿ ಸೊಂಟದವರೆಗೆ ಮುಳುಗಿ ಕೂರುವುದರಲ್ಲಿ, ತೊಡೆಯ ಹಿಂದಿನ ಸ್ನಾಯು ಹರಿದು ತಿಂಗಳುಗಟ್ಟಲೆ ಬೇರೆಯವರ ಆಟ ನೋಡುವುದರಲ್ಲಿ ಹೋಗುತ್ತವೆ. ದೇಶದ ತಂಡದ ತರಬೇತಿಗೆ ಒಂದು ಸಲ ಕರೆ ಬಂತು, ಆ ತಂಡದ ಹಸಿರು ಅಂಗಿ ಸಿಗಲಿಲ್ಲ. ಅಮ್ಮ ನನ್ನ ಆಟಗಳಿಗೆ ಬರುತ್ತಿದ್ದಳು, ಆದರೆ ಯಾರಾದರೂ ನನ್ನನ್ನು ಕೆಡವುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ದಿನವೂ ಗಾಯ ನೋಡುವವಳು, ನನ್ನದನ್ನು ನೋಡಲಾರಳು. ಎಡಭುಜ ಮೂರನೆಯ ಸಲ ಕೀಲು ತಪ್ಪಿದ ವರ್ಷವೇ ಅಜ್ಜಿ ತೀರಿಕೊಂಡಳು. ನಾವು ಕೋರಮಂಡಲಕ್ಕೆ ಬರುವ ಹೊತ್ತಿಗೆ ಅಪ್ಪ ಎಲ್ಲ ಮುಗಿಸಿ, ತಲೆ ಬೋಳಿಸಿಕೊಂಡು, ಹೊಸ್ತಿಲ ಮೇಲೆ ಕೂತಿದ್ದ. ತಿಥಿಯಾದ ಮೇಲೆ ಅಮ್ಮ ಅವನ ಪಕ್ಕ ಕೂತು ಕೇಳಿದಳು:

“ಈಗಾದ್ರೂ ಬರ್ತೀರಾ?”

“ಅಲ್ಲಿ ನಾನೇನ್ ಮಾಡ್ಲಿ ಶಾರದಾ?”

“ಏನೂ ಮಾಡ್ಬೇಡಿ. ಬನ್ನಿ.”

ಕಾಗದಪತ್ರ ಎಲ್ಲ ಆಗಿ ಅಪ್ಪ ಬಂದದ್ದು ಮಾರನೆಯ ವರ್ಷದ ಚಳಿಗಾಲದಲ್ಲಿ. ಬಂದ ವಾರವೇ ಊರಿನ ಮೈದಾನದಲ್ಲಿ ನಮ್ಮ ಪಂದ್ಯ. ಮಳೆ ಜಿನುಗುತ್ತಿತ್ತು. ಎರಡು ಸ್ವೆಟರಿನ ಮೇಲೆ ಕೋಟು, ಅದರ ಮೇಲೆ ಮಂಕಿ ಕ್ಯಾಪು ಹಾಕಿಕೊಂಡು ಅವನು ಅಮ್ಮನ ಪಕ್ಕ ಕೂತಿದ್ದದ್ದು ನನಗೆ ಗೆರೆಯ ಹತ್ತಿರದಿಂದ ಕಾಣುತ್ತಿತ್ತು. ಅವತ್ತು ಆಟವೆಲ್ಲ ಮೈದಾನದ ಆಚೆ ಬದಿಯಲ್ಲೇ ನಡೆಯಿತು. ನಾನು ಓಡಿದೆ, ಹಿಂದಕ್ಕೆ ಬಂದೆ, ಕೆಡವಿದೆ, ಕೆಡವಿಸಿಕೊಂಡೆ. ಚೆಂಡು ಹಿಡಿದು ಓಡುವ ಒಂದೇ ಒಂದು ಅವಕಾಶ ಸಿಗಲಿಲ್ಲ. ನಾವು ಸೋತೆವು. ಪಂದ್ಯ ಮುಗಿದ ಮೇಲೆ ಆಟಗಾರರ ಮನೆಯವರನ್ನು ಮೈದಾನದೊಳಗೆ ಬಿಡುವುದು ಅಲ್ಲಿನ ರೂಢಿ. ಅಪ್ಪ ಗೆರೆಯ ಹತ್ತಿರ ಬಂದವನು ನಿಂತ. ಬೂಟು ಕಳಚಿ ಬದಿಗಿಟ್ಟ. ಬಾಗಿ ಹುಲ್ಲನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಗೆರೆ ದಾಟಿದ.

“ಯಾರೂ ನಿನ್ಗೆ ಚೆಂಡೇ ಕೊಡ್ಲಿಲ್ವಲ್ಲಾ,” ಅಂದ.

“ಕೆಲವು ದಿನ ಅಂಗೇ ಅಪ್ಪ.”

ಅವನು ತಲೆಯಾಡಿಸಿದ. ಕಾಲ್ಚೀಲದ ಪಾದದಿಂದ ನೆಲವನ್ನು ಒತ್ತಿ ಒತ್ತಿ ನೋಡಿದ.

“ನೆಲ ಮೆತ್ತಗದೆ ಕಣ್ಲಾ. ಬಿದ್ರೆ ನೋವಾಗಲ್ಲ.”

ಎಲ್ಲರಿಗೂ ಹೇಳುವ ಹಾಗೆ ಹೌದು ಅಂದುಬಿಡಬಹುದಿತ್ತು. ಅವತ್ತು ನನ್ನಿಂದ ಆಗಲಿಲ್ಲ.

“ಆಗ್ತದೆ ಅಪ್ಪ,” ಅಂದೆ.

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ.

“ಎಲ್ಲಿ?”

ನಾನು ಅವನ ಕೈ ಹಿಡಿದು ನನ್ನ ಎಡಭುಜದ ಮೇಲೆ ಇಟ್ಟುಕೊಂಡೆ. ಅಮ್ಮ ಕೊಡೆ ಬಿಚ್ಚಿಕೊಂಡು ನಮ್ಮ ಹತ್ತಿರ ಬಂದು ನಿಂತ ಮೇಲೂ ಅಪ್ಪ ಆ ಕೈ ತೆಗೆಯಲಿಲ್ಲ.